ಒಂದು ಇಂಚು ಬಿಡ್ರಿ

ಆ ದನಿ ಹೆಡ್‌ಫೋನಿನಲ್ಲಿ ಮೊದಲ ಸಲ ಕಿವಿಗೆ ಬಿದ್ದ ಕೂಡಲೇ ಅದು ಯಾರದೆಂದು ನನಗೆ ಗೊತ್ತಾಯಿತು. ದಿನಾ ಬೆಳಿಗ್ಗೆ ನ್ಯಾಮತಿಯಿಂದ ಹೊನ್ನಾಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಪಕ್ಕದಲ್ಲೋ ಹಿಂದಿನ ಸೀಟಿನಲ್ಲೋ ಕೂತು ಕೇಳುತ್ತಿದ್ದ ದನಿ. ಮೂಗಿನಿಂದ ಹೊರಡುವ, 'ಪ'ಕಾರ 'ಮ'ಕಾರದಂತೆ ಕೇಳುವ ದನಿ. ನಮ್ಮ ಬಸ್ಸಿನ ಹೊಲಿಗೆಯಕ್ಕ.

ಮೊದಲು ನನ್ನ ಕೆಲಸ ಏನೆಂದು ಹೇಳಬೇಕು. ಹೊನ್ನಾಳಿಯಲ್ಲಿ ಒಂದು ಸಿಮೆಂಟ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಜನ ಮೊಬೈಲಿನಲ್ಲಿ ಹಾಕುವ ಚಿಕ್ಕ ಚಿಕ್ಕ ವಿಡಿಯೋಗಳ ಮೇಲೆ ಯಾರಾದರೂ ದೂರು ಕೊಟ್ಟರೆ, ಅವುಗಳಲ್ಲಿ ಕನ್ನಡದವು ನಮ್ಮ ಕಂಪ್ಯೂಟರಿಗೆ ಬಂದು ಬೀಳುತ್ತವೆ. ನೋಡಬೇಕು, ನಿಯಮ ಪುಸ್ತಕಕ್ಕೆ ತಾಳೆ ಹಾಕಬೇಕು, ಎರಡು ಬಟನ್‌ಗಳಲ್ಲಿ ಒಂದನ್ನು ಒತ್ತಬೇಕು. ಪರದೆಯ ಮೇಲೆ ಅವು ಇಂಗ್ಲಿಷಿನಲ್ಲಿವೆ. ನಾವು ನಮ್ಮೊಳಗೆ 'ಇರ್ಲಿ' ಮತ್ತು 'ಹೋಗ್ಲಿ' ಎನ್ನುತ್ತಿದ್ದೆವು. ಮೂಲೆಯಲ್ಲಿ ಒಂದು ಗಡಿಯಾರ ಓಡುತ್ತಿರುತ್ತದೆ. ಅದು ಕೆಂಪಾಗುವುದರೊಳಗೆ ಒತ್ತದಿದ್ದರೆ ನಿಧಾನಸ್ಥರೆಂದು ಲೆಕ್ಕ.

ನಾವು ಒತ್ತಿದ್ದರಲ್ಲಿ ಕೆಲವನ್ನು ಆರಿಸಿ ಇನ್ನೆಲ್ಲೋ ಕೂತ ಪರೀಕ್ಷಕರು ಮತ್ತೆ ನೋಡುತ್ತಾರೆ. ಅವರಿಗೆ ಕನ್ನಡ ಬರುವುದಿಲ್ಲ. ಯಂತ್ರ ಮಾಡಿದ ಇಂಗ್ಲಿಷ್ ಅನುವಾದ ಓದಿ ತೀರ್ಮಾನ ಮಾಡುತ್ತಾರೆ. ನಮ್ಮ ತೀರ್ಮಾನ ಅವರದಕ್ಕೆ ಹೊಂದದಿದ್ದರೆ ತಪ್ಪು ನಮ್ಮದು. ಒಮ್ಮೆ ನಲ್ಲೂರಿನ ಕಡೆಯವರೊಬ್ಬರು ಬಾಳೆಗೊನೆ ಕಡಿಯುತ್ತ, "ಕುತ್ತಿಗೆಗೆ ಒಂದೇ ಏಟು ಹಾಕ್ರಿ, ನೆಲಕ್ಕೆ ಬೀಳಂಗಿಲ್ಲ" ಎಂದ ವಿಡಿಯೋ ಬಂದಿತ್ತು. ನಾನು 'ಇರ್ಲಿ' ಒತ್ತಿದೆ. ಕೊಲೆಗೆ ಪ್ರಚೋದನೆ ಕೊಡುವುದನ್ನು ಹಾಗೇ ಬಿಟ್ಟಿದ್ದೇನೆಂದು ನನಗೆ ತಪ್ಪು ಬಿತ್ತು. ಅನುವಾದದಲ್ಲಿ ಬಾಳೆಯೂ ಇರಲಿಲ್ಲ, ಗೊನೆಯೂ ಇರಲಿಲ್ಲ. ಕುತ್ತಿಗೆ ಮಾತ್ರ ಇತ್ತು.

ಹೊಲಿಗೆಯಕ್ಕ ರವಿಕೆ ಹೊಲಿದು ಹೊನ್ನಾಳಿಯ ಒಂದು ಸೀರೆ ಅಂಗಡಿಗೆ ಕೊಡುತ್ತಿದ್ದರು. ಜೊತೆಗೆ ಮನೆಯಲ್ಲೇ ಕೂತು ಕಟಿಂಗ್ ಹೇಳಿಕೊಡುವ ವಿಡಿಯೋ ಮಾಡಿ ಹಾಕುತ್ತಿದ್ದರು. ಮುಖ ತೋರಿಸುತ್ತಿರಲಿಲ್ಲ. ಎರಡು ಕೈ, ಕತ್ತರಿ, ಸೀಮೆಸುಣ್ಣ, ಬಟ್ಟೆ ಇಷ್ಟೇ ಕಾಣುತ್ತಿದ್ದವು. ಪ್ರತಿ ವಿಡಿಯೋ ಶುರುವಾಗುವುದು ಒಂದೇ ಮಾತಿನಿಂದ. ಅದನ್ನು ಒಂದು ಸಲ ರೆಕಾರ್ಡ್ ಮಾಡಿ ಇಟ್ಟುಕೊಂಡು ಎಲ್ಲ ವಿಡಿಯೋಗಳ ತಲೆಗೂ ಅಂಟಿಸುತ್ತಿದ್ದರು: "ಅಕ್ಕಂದಿರೇ, ಅವಸರ ಮಾಡಬೇಡ್ರಿ. ಹೊಲಿಗೆಗೆ ಒಂದು ಇಂಚು ಬಿಡ್ರಿ." ನೋಡುವವರು ಸಾಕಷ್ಟು ಜನ ಇದ್ದರು. ಉಬ್ರಾಣಿಯಿಂದ ಒಬ್ಬರು ಮಗಳ ಮದುವೆಯ ರವಿಕೆ ಬಟ್ಟೆಗಳನ್ನು ಬಸ್ಸಿನಲ್ಲಿ ಹಾಕಿ ಕಳಿಸಿದ್ದರೆಂದು ಬಹಳ ಖುಷಿಯಿಂದ ಹೇಳಿಕೊಂಡಿದ್ದರು.

ನನಗೆ ಬಂದ ವಿಡಿಯೋ ಅವರದಲ್ಲ. ಯಾರೋ ಆ ಮಾತಿನ ಕೊನೆಯ ತುಂಡನ್ನು ಮಾತ್ರ ಕತ್ತರಿಸಿ, ಹಿಂದೆ ಕತ್ತೆಯ ಕೂಗು ಸೇರಿಸಿ, ಮೇಲ್ತುಟಿಗೆ ಅಂಟುಪಟ್ಟಿ ಹಚ್ಚಿಕೊಂಡು ಬಾಯಾಡಿಸಿದ್ದರು. "ಒಂದು ಇಂಚು ಬಿಡ್ರಿ" ಎಂಬುದಕ್ಕೆ ಕೈಸನ್ನೆಯಿಂದ ಬೇರೆಯದೇ ಅರ್ಥ ಕೊಟ್ಟಿದ್ದರು. ಅದರ ಹಿಂದೆಯೇ ಇನ್ನೊಂದು ಬಂತು, ಮತ್ತೊಂದು ಬಂತು. ಗಂಡಸರು, ಹೆಂಗಸರು, ಮದುವೆ ಮನೆಯಲ್ಲಿ ನಿಂತ ಬೀಗರು, ಎಲ್ಲರ ಬಾಯಲ್ಲೂ ಹೊಲಿಗೆಯಕ್ಕನ ದನಿ.

ನಾನು ನಿಯಮ ಪುಸ್ತಕ ತೆರೆದೆ. ಅಂಗವೈಕಲ್ಯದ ಅಪಹಾಸ್ಯ ಎಂದಾಗಬೇಕಾದರೆ ಅಂಗವೈಕಲ್ಯದ ಹೆಸರು ಮಾತಿನಲ್ಲೋ ಬರಹದಲ್ಲೋ ಇರಬೇಕು. ಇಲ್ಲಿ ಇರಲಿಲ್ಲ. ದೇಹದ ಲಕ್ಷಣಗಳ ಅಪಹಾಸ್ಯ ಎಂದಾಗಬೇಕಾದರೆ ಆ ಲಕ್ಷಣ ಪಟ್ಟಿಯಲ್ಲಿರಬೇಕು. ಅಷ್ಟರಲ್ಲಿ ಗಡಿಯಾರ ಕೆಂಪಾಯಿತು. 'ಇರ್ಲಿ' ಒತ್ತಿದೆ.

ಮಧ್ಯಾಹ್ನ ಲೀಡ್ ಹತ್ತಿರ ಹೋದೆ. ನಮ್ಮ ತಂಡ ನೋಡಿಕೊಳ್ಳುತ್ತಿದ್ದವರು ಅವರು, ಚನ್ನಗಿರಿಯವರು. ಕೆಟ್ಟವರಲ್ಲ. ಯಾರಿಗೂ ಏರುದನಿಯಲ್ಲಿ ಮಾತಾಡಿದ್ದು ನಾನು ಕೇಳಿಲ್ಲ.

"ಮೇಡಂ, ಪಟ್ಟಿನಾಗೆ ಮುಖ ಐತೆ, ಬಣ್ಣ ಐತೆ, ದಪ್ಪ, ಎತ್ತರ, ನಡಿಗೆ ಎಲ್ಲ ಐತೆ. ದನಿ ಇಲ್ಲ," ಎಂದರು.

"ತುಟಿಗೆ ಪಟ್ಟಿ ಹಚ್ಚಿಕೊಂಡಿದ್ದಾರಲ್ಲ ಸರ್? ಸೀಳುತುಟಿ ಅಂತ ಯಾರಿಗಾದ್ರೂ ಗೊತ್ತಾಗುತ್ತೆ."

"ನಿಮಗೆ ಗೊತ್ತಾಗುತ್ತೆ. ಅದು ಪುಸ್ತಕದಾಗೆ ಇರಬೇಕಲ್ಲ? ಅದೂ ಅಲ್ಲದೆ ಆ ಹೆಂಗಸಿಗೆ ಫಾಲೋವರ್ಸ್ ಜಾಸ್ತಿ ಅದಾರೆ. ಸಾರ್ವಜನಿಕ ವ್ಯಕ್ತಿ ಲೆಕ್ಕಕ್ಕೆ ಬರ್ತಾರೆ. ಅಂಥವ್ರನ್ನ ತಮಾಷೆ ಮಾಡಬಹುದು."

ನ್ಯಾಮತಿಯ ಹತ್ತಿರದ ಒಂದು ಹಳ್ಳಿಯಲ್ಲಿ, ಅಡುಗೆಮನೆಯ ಪಕ್ಕದ ಗೋಡೆಗೆ ಮಷಿನ್ ಆನಿಸಿಕೊಂಡು ಹೊಲಿಯುವ ಹೆಂಗಸು ಸಾರ್ವಜನಿಕ ವ್ಯಕ್ತಿ.

ಮರುವಾರ ಅದು ಬಸ್ಸಿಗೂ ಬಂತು. ಹೊಲಿಗೆಯಕ್ಕ ರವಿಕೆಗಳ ಗಂಟು ಹಿಡಿದು ಹತ್ತುತ್ತಿದ್ದ ಹಾಗೆ ಕಂಡಕ್ಟರ್ ಮೂಗು ಹಿಡಿದುಕೊಂಡು, "ಜರುಗ್ರೀ, ಅವ್ರಿಗೆ ಒಂದು ಇಂಚು ಬಿಡ್ರಿ" ಎಂದ. ಹಿಂದಿನಿಂದ ಯಾರೋ ಮೊಬೈಲಿನಲ್ಲಿ ಆ ತುಂಡನ್ನೇ ಹಾಕಿದರು. ಕತ್ತೆ ಕೂಗಿದಾಗ ಬಸ್ಸಿಗೆ ಬಸ್ಸೇ ನಕ್ಕಿತು. ಮುಂದೆ ಕೂತಿದ್ದ ಒಬ್ಬ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರು ಉಟ್ಟಿದ್ದ ಸೀರೆಯ ರವಿಕೆ ಹೊಲಿಗೆಯಕ್ಕನೇ ಹೊಲಿದದ್ದೆಂದು ನನಗೆ ಗೊತ್ತಿತ್ತು.

ಹೊಲಿಗೆಯಕ್ಕ ಟಿಕೆಟ್ ತಗೊಂಡು ನನ್ನ ಪಕ್ಕ ಕೂತರು. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು:

"ಸಾಸ್ವೆಹಳ್ಳೀಲಿ ಹೆಣ್ಮಕ್ಕಳಿಗೆ ಹೊಲಿಗೆ ಕಲಿಸಾಕೆ ಕರೆದಿದ್ರು ಅಕ್ಕಾ. ಒಂದು ದಿನ ಹೋದೆ. ಬಾಯಿ ತೆಗೆದ್ರೆ ಸಾಕು, ಎಲ್ಲರೂ ನಗೋರೆ. ಸಂಜೆ ಅಲ್ಲಿನ ಮೇಡಂ ಕರೆದು, ನೀವು ನಾಳೆಯಿಂದ ಬರೋದು ಬ್ಯಾಡ್ರಿ, ಪಾಠ ಆಗಂಗಿಲ್ಲ ಅಂದ್ರು."

"ದೂರು ಕೊಟ್ಟಿಲ್ವಾ?" ಎಂದು ಕೇಳಿದೆ. ಕೇಳಬಾರದಿತ್ತು. ಉತ್ತರ ನನಗೆ ಗೊತ್ತಿತ್ತು.

ಅವರು ಮೊಬೈಲ್ ತೆಗೆದು ತೋರಿಸಿದರು. ಸಾಲಾಗಿ ಒಂದೇ ಉತ್ತರ. 'ನಾವು ಪರಿಶೀಲಿಸಿದ್ದೇವೆ. ಈ ವಿಡಿಯೋ ನಮ್ಮ ನಿಯಮಗಳನ್ನು ಮೀರಿಲ್ಲ. ನಿಮ್ಮ ಅನುಭವ ನಮಗೆ ಮುಖ್ಯ.' ನಾವು 'ಇರ್ಲಿ' ಒತ್ತಿದಾಗ ತಾನಾಗಿಯೇ ಹೋಗುವ ಉತ್ತರ ಅದು. ಅದನ್ನು ಪಡೆದವರ ಕೈಯಲ್ಲಿ ನೋಡಿದ್ದು ನಾನು ಅದೇ ಮೊದಲು.

"ಪರಿಶೀಲಿಸಿದ್ದೇವೆ ಅಂತಾರಲ್ಲಕ್ಕಾ, ಅಲ್ಲಿ ಕುಂತಿರೋದು ಮನುಷ್ಯರೋ, ಮಿಷಿನ್ನೋ?"

ಕೆಲಸಕ್ಕೆ ಸೇರುವಾಗ, ಏನು ನೋಡುತ್ತೇವೆಂದು ಮನೆಯವರಿಗೂ ಹೇಳುವುದಿಲ್ಲವೆಂದು ಸಹಿ ಹಾಕಿಸಿಕೊಂಡಿದ್ದರು. ಬಸ್ಸಿನವರ ಪಾಲಿಗೆ ನಾನು ಟೈಪಿಂಗ್ ಕೆಲಸದವಳು.

ಅವತ್ತಿನಿಂದ ಆ ದನಿ ಬಂದಾಗಲೆಲ್ಲ ನಾನು 'ಹೋಗ್ಲಿ' ಒತ್ತತೊಡಗಿದೆ. ನನ್ನ ಪಕ್ಕದ ಕುರ್ಚಿಯ ಜಗಳೂರಿನ ಗೆಳತಿಗೂ ಹೇಳಿದೆ, ಅವಳೂ ಹಾಗೇ ಮಾಡಿದಳು. ಎರಡು ದಿನ ನೆಮ್ಮದಿಯಿಂದಿದ್ದೆವು. ಆಮೇಲೆ ನಾವು ತೆಗೆದ ವಿಡಿಯೋಗಳೆಲ್ಲ ಒಂದೊಂದಾಗಿ ವಾಪಸು ಬಂದವು. ಎಲ್ಲದರ ಮೇಲೂ ಪರೀಕ್ಷಕರ ಟಿಪ್ಪಣಿ ಒಂದೇ: ದನಿಯ ಒಡತಿಯೇ ಇದನ್ನು ತೆರೆಯಲು ಕೋರಿದ್ದಾರೆ, ಆದ್ದರಿಂದ ತೆಗೆಯುವಂತಿಲ್ಲ.

ಇದೆಲ್ಲಿಂದ ಬಂತೆಂದು ನಮಗೆ ತಿಳಿಯಲಿಲ್ಲ. ದೂರಿನ ಜೊತೆ ಒಂದೆರಡು ಸಾಲು ಬರೆಯಲು ಜಾಗ ಇರುತ್ತದೆ. ಕೆಲಸದ ಭರದಲ್ಲಿ ನಾವು ಅದನ್ನು ಬಿಚ್ಚಿ ನೋಡುವುದೇ ಕಡಿಮೆ. ಬಿಚ್ಚಿ ನೋಡಿದೆ. ಹೊಲಿಗೆಯಕ್ಕ ಬರೆದಿದ್ದರು: 'ಇದು ನನ್ನ ದನಿ. ದಯವಿಟ್ಟು ತೆಗೀರಿ.' ಕೆಳಗೆ ಯಂತ್ರದ ಇಂಗ್ಲಿಷ್ ಅನುವಾದ. ಇದು ನನ್ನ ದನಿ, ದಯವಿಟ್ಟು ತೆರೆಯಿರಿ ಎಂದು.

ಜಗಳೂರಿನ ಗೆಳತಿ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. "ಬಾಗಿಲು ತೆಗೀರಿ ಅಂತೀವಲ್ಲ, ಹಂಗೆ ತಿಳ್ಕಂಡೈತೆ ನೋಡು ಅದು!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ತನ್ನ ಪರದೆಯ ಕಡೆ ತಿರುಗಿದಳು. ಆ ಹೆಂಗಸು ಒಂದೊಂದು ವಿಡಿಯೋ ಕೆಳಗೂ ಕೂತು, ತನ್ನನ್ನು ಅಣಕಿಸಲು ತಾನೇ ಒಪ್ಪಿಗೆ ಬರೆದುಕೊಟ್ಟಂತಾಗಿತ್ತು.

ಲೀಡ್ ಮುಖಾಂತರ ಮೇಲಿನವರಿಗೆ ಬರೆದೆವು. 'ತೆಗೆ' ಎಂಬ ಕನ್ನಡದ ಮಾತಿಗಿರುವ ಅರ್ಥಗಳನ್ನೆಲ್ಲ ಉದಾಹರಣೆ ಸಮೇತ ವಿವರಿಸಿದೆ. ಉತ್ತರ ಬಂತು: ಅನುವಾದದ ಗುಣಮಟ್ಟ ಈ ತಂಡದ ವ್ಯಾಪ್ತಿಗೆ ಬರುವುದಿಲ್ಲ.

ಲೀಡ್ ನನ್ನನ್ನು ಕರೆದು ಕೂರಿಸಿಕೊಂಡರು. "ನಿಮ್ಮ ಮಾರ್ಕ್ಸ್ ಬಾಳ ಕೆಳಗೆ ಹೋಗೈತೆ ಮೇಡಂ. ಹಿಂಗೇ ಆದ್ರೆ ಮತ್ತೆ ಟ್ರೇನಿಂಗಿಗೆ ಹಾಕ್ತಾರೆ. ಅದ್ರಾಗೂ ಆಗ್ಲಿಲ್ಲ ಅಂದ್ರೆ ನಾನು ಏನೂ ಮಾಡಾಕೆ ಆಗಂಗಿಲ್ಲ. ನಿಯಮ ಬಿಟ್ಟು ಹೋಗಬ್ಯಾಡ್ರಿ. ಆ ಹೆಂಗಸಿಗೆ ಸರಿಯಾಗಿ ಬರೆಯಾಕೆ ಬಂದಿದ್ರೆ ಈ ತಾಪತ್ರಯನೇ ಇರ್ತಿರಲಿಲ್ಲ."

ಅವರು ಹೇಳಿದ್ದು ನಿಜವಾಗಿತ್ತು. ಅಂಗವೈಕಲ್ಯದ ಹೆಸರು ದೂರಿನ ಬರಹದಲ್ಲಿದ್ದರೂ ಸಾಕಿತ್ತು; ಸರಿಯಾದ ಮಾತು ಬರೆದರೆ ನಿಯಮವೇ ಅವರ ಪರವಾಗುತ್ತಿತ್ತು. ಯಾವ ಮಾತು ಬರೆಯಬೇಕೆಂದು ನನಗೆ ಗೊತ್ತಿತ್ತು. ಅದನ್ನು ಹೇಳಿದರೆ ಸಹಿ ಮುರಿದಂತೆ. ಎರಡು ದಿನ ಯೋಚಿಸಿದೆ. ಮೂರನೆಯ ದಿನ ಹೊನ್ನಾಳಿಯಲ್ಲಿ ಬಸ್ ಇಳಿದಾಗ ಅವರನ್ನು ನಿಲ್ಲಿಸಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡೆ.

"ಇನ್ನು ಮುಂದೆ ತೆಗೀರಿ ಅಂತ ಬರೀಬೇಡ್ರಿ ಅಕ್ಕಾ. ಅಳಿಸಿಹಾಕಿ ಅಂತ ಬರೀರಿ. ಆಮೇಲೆ ಸೀಳುತುಟಿ ಅಂತ ಹೆಸರು ಹೇಳಿ ಬರೀರಿ. ಅಂಗವೈಕಲ್ಯ ಅನ್ನೋ ಪದ ಇರಲೇಬೇಕು. ಅದಿದ್ರೆ ಅವ್ರು ತೆಗೀಲೇಬೇಕು."

ಅವರು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದರು. "ನಾನು ತೆಗೀರಿ ಅಂತ ಬರೆದದ್ದು ನಿಮಗೆ ಹೆಂಗೆ ಗೊತ್ತು?"

ನಾನು ನಮ್ಮ ಆಫೀಸಿನ ದಿಕ್ಕಿಗೆ ನೋಡಿದೆ.

"ಹಂಗಾದ್ರೆ ಅಲ್ಲಿ ಕುಂತಿರೋದು ನೀವಾ?"

"ನಾನೂ ಒಬ್ಬಳು."

"ನಿಮ್ಮ ನಿಯಮ ಮೀರಿಲ್ಲ ಅಂತ ಬರ್ತಿತ್ತಲ್ಲ, ಅದನ್ನ ನೀವೂ ಒತ್ತಿದ್ರಾ?"

"ಮೊದಮೊದಲು ಒತ್ತಿದ್ದೆ."

ಅವರು ಬೈಯಲಿಲ್ಲ. ಗಂಟಿನ ಬಿಗಿಯನ್ನು ಬಿಚ್ಚಿ ಮತ್ತೆ ಕಟ್ಟಿದರು. "ನಮ್ಮನೇಲಿ ಆ ಹೆಸರು ಯಾರೂ ಆಡಂಗಿಲ್ಲ ಅಕ್ಕಾ. ನಮ್ಮವ್ವ 'ಅದು' ಅಂತಿದ್ಲು. ಮದುವೆ ಮಾಡುವಾಗಲೂ 'ಅದೊಂದು ಐತೆ' ಅಂತ ಹೇಳಿದ್ರು. ನಾನು ಒಂದು ದಿನವೂ ಬಾಯಿಬಿಟ್ಟು ಆ ಮಾತು ಅಂದಿಲ್ಲ," ಎಂದರು. ಆಮೇಲೆ ಮೊಬೈಲನ್ನು ನನ್ನ ಕೈಗೆ ಕೊಟ್ಟರು. "ನೀವೇ ಬರೀರಿ. ನನ್ನ ಕೈಲಿ ಆಗಂಗಿಲ್ಲ."

ನಾನು ಬರೆದೆ. 'ನನಗೆ ಹುಟ್ಟಿನಿಂದ ಸೀಳುತುಟಿ ಇದೆ. ನನ್ನ ದನಿ ಹೀಗಿರುವುದು ಅದರಿಂದಲೇ. ಈ ವಿಡಿಯೋ ನನ್ನ ಅಂಗವೈಕಲ್ಯವನ್ನು ಅಪಹಾಸ್ಯ ಮಾಡುತ್ತಿದೆ. ಇದನ್ನು ಅಳಿಸಿಹಾಕಿ.' ಅವರು ತುಟಿಯಾಡಿಸುತ್ತ ಓದಿಕೊಂಡರು. ಕಳಿಸುವ ಬಟನ್ನನ್ನು ತಾವೇ ಒತ್ತಿದರು.

ಈ ಸಲ ಎಲ್ಲ ಸಲೀಸಾಗಿ ನಡೆಯಿತು. ದೂರು ಜಗಳೂರಿನ ಗೆಳತಿಗೆ ಬಂತು, ಅವಳು 'ಹೋಗ್ಲಿ' ಒತ್ತಿದಳು. ಯಂತ್ರದ ಅನುವಾದವೂ ಸರಿಯಾಗಿಯೇ ಬಂದಿತ್ತು. ಪರೀಕ್ಷಕರು ಒಪ್ಪಿದರು. ಅಷ್ಟೇ ಅಲ್ಲ, ಆ ತುಂಡು ದನಿಯನ್ನೇ ನಿಷೇಧದ ಪಟ್ಟಿಗೆ ಸೇರಿಸಿದರು. ಒಮ್ಮೆ ಆ ಪಟ್ಟಿಗೆ ಸೇರಿದರೆ ಯಾರೂ ದೂರು ಕೊಡಬೇಕಾಗಿಲ್ಲ. ಆ ಶಬ್ದ ಎಲ್ಲಿ ಸಿಕ್ಕರೂ ಯಂತ್ರವೇ ಹುಡುಕಿ ತೆಗೆದುಹಾಕುತ್ತದೆ. ಅಂಟುಪಟ್ಟಿಯವರು, ಮದುವೆ ಮನೆಯ ಬೀಗರು, ಕತ್ತೆ, ಎಲ್ಲ ಒಂದೇ ಮಧ್ಯಾಹ್ನ ಮಾಯವಾದವು. ತಿಂಗಳ ಸಭೆಯಲ್ಲಿ ಲೀಡ್ ಇದನ್ನು ನಮ್ಮ ತಂಡದ ಸಾಧನೆಯೆಂದು ಹೇಳಿದರು. ನನ್ನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಹೊಲಿಗೆಯಕ್ಕ ಆ ವಾರ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತಾಡಿದರು. ಸೀರೆ ಅಂಗಡಿಯವರು, ತೋಳಿಗೆ ಹೊಸ ಡಿಸೈನ್, ನಾದಿನಿಯ ಮಗು, ಏನೇನೋ.

ಮುಂದಿನ ವಾರ ಅವರು ಬಸ್ ಹತ್ತಿದವರೇ ನಿಂತುಕೊಂಡೇ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು. 'ಅಂಗವಿಕಲರನ್ನು ಅಪಹಾಸ್ಯ ಮಾಡುವ ದನಿಯನ್ನು ನೀವು ಪದೇ ಪದೇ ಬಳಸಿದ್ದೀರಿ. ನಿಮ್ಮ ಖಾತೆಯನ್ನು ಮುಚ್ಚಲಾಗಿದೆ.'

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ತುಂಡನ್ನು ಕತ್ತರಿಸಿದ್ದೇ ಅವರ ವಿಡಿಯೋದ ತಲೆಗಿದ್ದ ಮಾತಿನಿಂದ. ಆ ಮಾತು ಅವರ ಪ್ರತಿ ವಿಡಿಯೋದಲ್ಲೂ ಇತ್ತು; ಹಳೆಯ ವಿಡಿಯೋಗಳವರೆಗೆ ಬರಲು ಯಂತ್ರಕ್ಕೆ ಒಂದು ವಾರ ಹಿಡಿದಿತ್ತಷ್ಟೆ. ಯಂತ್ರಕ್ಕೆ ಯಾರು ಅಣಕಿಸಿದವರು, ಯಾರು ಅಣಕಿಸಿಕೊಂಡವರು ಎಂಬುದು ಗೊತ್ತಾಗುವುದಿಲ್ಲ. ಶಬ್ದ ಹೊಂದಿತೇ ಇಲ್ಲವೇ ಎಂಬುದಷ್ಟೇ ಅದಕ್ಕೆ ಬೇಕು. ಒಂದು ವಿಡಿಯೋಗೆ ಒಂದು ಎಚ್ಚರಿಕೆಯಂತೆ ಲೆಕ್ಕ ಹಾಕಿ, ಎಲ್ಲರಿಗಿಂತ ದೊಡ್ಡ ತಪ್ಪಿತಸ್ಥರೆಂದು ಅವರನ್ನೇ ಹಿಡಿದಿತ್ತು. ಕಂಕುಳ ಕಟಿಂಗ್, ಹುಕ್ಕು ಪಟ್ಟಿ, ಲೈನಿಂಗ್, ಮಕ್ಕಳ ಲಂಗ, ಅವರು ವರ್ಷಗಟ್ಟಲೆ ಮಾಡಿ ಹಾಕಿದ ಪಾಠಗಳಲ್ಲಿ ಒಂದೂ ಉಳಿದಿರಲಿಲ್ಲ.

ಆಫೀಸಿಗೆ ಹೋದವಳೇ ಲೀಡ್ ಮುಂದೆ ನಿಂತೆ. ಅವರು ಕಂಪ್ಯೂಟರಿನಲ್ಲಿ ಹುಡುಕಿ ನೋಡಿದರು.

"ಪಟ್ಟಿಯಿಂದ ದನಿ ಹೊರಗೆ ತೆಗೆಸಬಹುದು ಮೇಡಂ. ಅದಕ್ಕೆ ದನಿ ಯಾರದೋ ಅವ್ರೇ ಅರ್ಜಿ ಹಾಕಬೇಕು. ಅವ್ರ ಖಾತೆಯಿಂದಲೇ ಹಾಕಬೇಕು."

"ಖಾತೆ ಮುಚ್ಚಿದ್ದಾರಲ್ಲ ಸರ್."

"ಹೌದಲ್ಲ. ಖಾತೆ ಇಲ್ಲದೆ ಅರ್ಜಿ ತಗಳಂಗಿಲ್ಲ."

"ಮುಚ್ಚಿದ್ದು ನಾವೇ ತಾನೆ?"

"ನಾವಲ್ಲ ಮೇಡಂ. ಸಿಸ್ಟಮ್," ಎಂದು ಅವರು ಬಹಳ ಮೃದುವಾಗಿ ಹೇಳಿದರು. ಟೀ ತರಿಸಿದರು.

ಖಾತೆ ಮುಚ್ಚಿದ್ದರ ಮೇಲ್ಮನವಿಗೆ ಒಂದೇ ದಾರಿ ಇತ್ತು. ಇದು ತನ್ನದೇ ದನಿಯೆಂದು ತೋರಿಸುವ ಒಂದು ವಿಡಿಯೋ ಕಳಿಸಬಹುದಿತ್ತು. ಹೊಲಿಗೆಯಕ್ಕ ಅದಕ್ಕಾಗಿ ಮೊದಲ ಸಲ ಮುಖ ತೋರಿಸಿದರು. ಒಗೆದ ಸೀರೆ ಉಟ್ಟು, ತಲೆ ಬಾಚಿ, ಮಷಿನ್ ಮುಂದೆ ಕೂತು, ಇದು ನನ್ನ ದನಿ ಎಂದು ಹೇಳಿ, ಗುರುತಿಗೆಂದು ತಮ್ಮ ಹಳೆಯ ಮಾತನ್ನೂ ಹಾಕಿ ತೋರಿಸಿದರು. ಆ ವಿಡಿಯೋ ನನ್ನ ಕಂಪ್ಯೂಟರಿಗೇ ಬಂತು. ಬಂದದ್ದು ಬರೀ ಬೂದು ಬಣ್ಣದ ಚೌಕ. ಅದರಲ್ಲಿ ನಿಷೇಧಿತ ದನಿ ಇದ್ದುದರಿಂದ, ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಯಂತ್ರ ಅದನ್ನು ತೆಗೆದುಹಾಕಿತ್ತು. ಚೌಕದ ಕೆಳಗೆ ನನಗಾಗಿ ಉಳಿದಿದ್ದ ಬಟನ್ ಒಂದೇ, ಕಡತ ಮುಗಿಸುವುದು. ಗಡಿಯಾರ ಕೆಂಪಾಗುವವರೆಗೂ ಕೂತಿದ್ದೆ. ಕೆಂಪಾದ ಮೇಲೆ ಅದು ತಾನೇ ಮುಗಿದುಕೊಂಡಿತು.

ಬಸ್ಸಿನಲ್ಲಿ ಏನೂ ಬದಲಾಗಿರಲಿಲ್ಲ. ಮೊಬೈಲಿನಿಂದ ಹೋಗಿದ್ದು ಬಾಯಿಂದ ಹೋಗಿರಲಿಲ್ಲ. ಕಂಡಕ್ಟರ್ ಈಗ ಎಲ್ಲರಿಗೂ, ಮೂಗು ಹಿಡಿಯದೆಯೇ, ಅಭ್ಯಾಸಬಲದಿಂದ ಆ ಮಾತು ಹೇಳುತ್ತಿದ್ದ. ಹೊಲಿಗೆಯಕ್ಕನನ್ನು ನೋಡಿ ಹೇಳಬೇಕೆಂದೂ ಅವನಿಗೆ ಅನಿಸುತ್ತಿರಲಿಲ್ಲ.

ಕೆಲವು ವಾರಗಳಾದ ಮೇಲೆ ಅವರು ನಾದಿನಿಯ ನಂಬರಿನಿಂದ ಹೊಸ ಖಾತೆ ತೆರೆದರು. ನಾನು ಧೈರ್ಯ ಹೇಳಿದೆ: "ಆ ಒಂದು ಮಾತು ಮಾತ್ರ ಹಾಕಬೇಡ್ರಿ ಅಕ್ಕಾ. ಬೇರೆ ಏನು ಮಾತಾಡಿದ್ರೂ ಅದು ಹಿಡಿಯೋದಿಲ್ಲ. ನಿಮ್ಮ ದನೀಲೇ ಹೇಳ್ರಿ."

"ನಿಮ್ಮ ಮಾತು ನಂಬಿ ಒಂದು ಸಲ ಬರೆದಾಯ್ತಲ್ಲ ಅಕ್ಕಾ," ಎಂದರು. ಸಿಟ್ಟಿನಿಂದಲ್ಲ. ಆಮೇಲೆ ತಾವೇ ಹೇಳಿದರು, "ನೀವು ಹೇಳ್ರಿ. ಕೈ ನಂದಿರ್ಲಿ, ದನಿ ನಿಮ್ದಿರ್ಲಿ."

ಭಾನುವಾರ ಅವರ ಮನೆಗೆ ಹೋದೆ. ಚಾಪೆಯ ಮೇಲೆ ಬಟ್ಟೆ ಹರಡಿ, ಮೊಬೈಲನ್ನು ಡಬ್ಬಿಗಳ ಮಧ್ಯೆ ನಿಲ್ಲಿಸಿ ಕೂತರು. ಅವರು ಒಂದು ವಾಕ್ಯ ಹೇಳುತ್ತಿದ್ದರು, ರೆಕಾರ್ಡಿಂಗ್ ಶುರು ಮಾಡುತ್ತಿದ್ದರು, ನಾನು ಅದನ್ನೇ ಹೇಳುತ್ತಿದ್ದೆ. "ಹಂಗಲ್ಲ ಅಕ್ಕಾ, ಓದಿದಂಗಾಗ್ತೈತೆ. ಎದುರಿಗೆ ಒಬ್ಬ ಹೆಣ್ಮಗಳು ಕತ್ತರಿ ಹಿಡಿದು ಹೆದರಿ ಕುಂತಾಳೆ ಅಂತ ತಿಳ್ಕಂಡು ಹೇಳ್ರಿ," ಎಂದು ಮತ್ತೆ ಮತ್ತೆ ಹೇಳಿಸಿದರು. ಬಟ್ಟೆಯ ಮೇಲೆ ಸೀಮೆಸುಣ್ಣ ಓಡುವಾಗ ಅವರ ಬಾಯಿ ಸದ್ದಿಲ್ಲದೆ ನನ್ನ ಜೊತೆಗೇ ಆಡುತ್ತಿತ್ತು.

ಸೋಮವಾರ ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂತು ಮೊಬೈಲ್ ತೆಗೆದರು. ವಿಡಿಯೋ ಚೆನ್ನಾಗಿ ಓಡಿತ್ತು. ಕೆಳಗೆ ಜನ ಬರೆದದ್ದನ್ನು ಒಂದೊಂದಾಗಿ ಗಟ್ಟಿಯಾಗಿ ನನಗೆ ಓದಿ ಹೇಳಿದರು, ಹಿಂದಿನವರು ಕೇಳಿಸಿಕೊಳ್ಳುತ್ತಾರೆಂಬ ಹಂಗೇ ಇಲ್ಲದೆ.

"'ಅಕ್ಕಾ, ನಿಮ್ಮ ದನಿ ಬಾಳ ಇಂಪಾಗೈತೆ.' 'ಕೇಳ್ತಾ ಇರಬೇಕು ಅನ್ಸುತ್ತೆ.' ಇದು ನೋಡ್ರಿ, 'ಮೊದ್ಲು ಒಬ್ಬಾಕೆ ಇದೇ ಥರ ಕಲಿಸ್ತಿದ್ಲು, ಆಕೆ ದನಿ ಕೇಳಾಕೆ ಆಗ್ತಿರಲಿಲ್ಲ. ಸದ್ಯ, ನೀವು ಬಂದ್ರಿ.'"

ಕೊನೆಯದನ್ನು ಓದಿ ಅದಕ್ಕೆ ಕೈಮುಗಿಯುವ ಚಿತ್ರ ಕಳಿಸಿದರು. ಮೊಬೈಲನ್ನು ರವಿಕೆಗಳ ಗಂಟಿನ ಸಂದಿಗೆ ತುರುಕಿದರು.

"ಬರೋ ಭಾನುವಾರ ತೋಳಿನ ಕಟಿಂಗ್ ಐತೆ," ಎಂದರು. "ಬೇಗ ಬರ್ರಿ. ಬರುವಾಗ ತಣ್ಣನೆದು ಏನೂ ಕುಡೀಬೇಡ್ರಿ, ಗಂಟಲು ಕಟ್ಟುತ್ತೆ."